ಸಂದರ್ಶನ ಮುಗಿಸಿ ಬಂದ ಮೇಲೆ

ದುಂಡಸಿ, ಹಾನಗಲ್ಲ, ಹಿರೇಕೆರೂರ ಕಡೆಯ ತೋಟಿಗರ ಮಕ್ಕಳು ಈಗ ಹುಬ್ಬಳ್ಳಿ, ಬೆಂಗಳೂರುಗಳಿಗೆ ನೌಕರಿಯ ಸಂದರ್ಶನಕ್ಕೆ ಹೋಗಿಬರುವುದು ಸಾಮಾನ್ಯವಾಗಿದೆ. ಹೋಗುವ ಮುಂಚಿನ ಸಿದ್ಧತೆ ಚೆನ್ನಾಗಿಯೇ ಇರುತ್ತದೆ. ಬಂದ ಮೇಲೆ ಮಾತ್ರ ಮಗ ಕೈಕಟ್ಟಿ ಕೂಡುತ್ತಾನೆ, ಇಲ್ಲವೆ ತಂದೆ ವಶೀಲಿಗಾಗಿ ತಿರುಗುತ್ತಾನೆ. ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಖಾಸಗಿ ಕಂಪನಿಯಾದರೆ, ಅಂದೇ ಸಂಜೆ ಕೇಳಿದ ಪ್ರಶ್ನೆಗಳನ್ನೂ ಸಂದರ್ಶಿಸಿದವರ ಹೆಸರುಗಳನ್ನೂ ಬರೆದಿಡಬೇಕು. ಮರುದಿನ ಇ-ಮೇಲ್ ಮೂಲಕ ನಾಲ್ಕೈದು ಸಾಲಿನ ವಂದನಾಪತ್ರ ಕಳಿಸಬೇಕು. ಅದರಲ್ಲಿ ಹುದ್ದೆಯ ಹೆಸರು, ಸಂದರ್ಶನದ ತಾರೀಖು, ಅಲ್ಲಿ ಮಾತಾದ ಒಂದು ಕೆಲಸದ ವಿಷಯ, ಕೊಡುವುದಾಗಿ ಒಪ್ಪಿದ ಕಾಗದಪತ್ರ ಇಷ್ಟಿದ್ದರೆ ಸಾಕು. ಮನೆಯ ಕಷ್ಟ, ಅಡಿಕೆಗೆ ಬಂದ ಕೊಳೆರೋಗ ಇವನ್ನು ಬರೆಯುವುದು ಬೇಡ. ಹತ್ತು ದಿನದಲ್ಲಿ ತಿಳಿಸುತ್ತೇವೆಂದಿದ್ದರೆ ಹತ್ತು ದಿನ ಸುಮ್ಮನಿರಬೇಕು. ಹಸಿ ಅಡಿಕೆ ಒಣಗಲು ಬೇಕಾದಷ್ಟು ಬಿಸಿಲು ಬೇಕೇ ಬೇಕು. ಗಳಿಗೆಗೊಮ್ಮೆ ಮುಟ್ಟಿ ನೋಡಿದರೆ ಬೇಗ ಒಣಗದು. ಅವಧಿ ದಾಟಿದ ಎರಡು ಮೂರು ದಿನಕ್ಕೆ ಒಮ್ಮೆ ವಿಚಾರಿಸಬಹುದು, ವಾರ ಬಿಟ್ಟು ಇನ್ನೊಮ್ಮೆ. ಅಷ್ಟಕ್ಕೂ ಉತ್ತರ ಬಾರದಿದ್ದರೆ ಬೇರೆ ಕಡೆ ಅರ್ಜಿ ಹಾಕುವುದು ಲೇಸು. ಕರೆ ಮಾಡುವವನು ಅಭ್ಯರ್ಥಿಯೇ ಆಗಿರಬೇಕು, ತಂದೆಯಾಗಲಿ ಸೋದರಮಾವನಾಗಲಿ ಅಲ್ಲ.

ತೋಟದೊಳಗೆ ಫೋನು ಸಿಗದವರು, ಸಿಗುವ ಇನ್ನೊಂದು ನಂಬರನ್ನೂ ಪತ್ರದಲ್ಲಿ ಕೊಡಬೇಕು. ಇ-ಮೇಲಿನ ಸ್ಪ್ಯಾಮ್ ಕಡತವನ್ನು ದಿನಕ್ಕೊಮ್ಮೆ ನೋಡಬೇಕು.

ಸರಕಾರಿ ನೌಕರಿಯ ರೀತಿ ಬೇರೆ. ಅಲ್ಲಿ ವಂದನಾಪತ್ರಕ್ಕೆ ಬೆಲೆಯಿಲ್ಲ, ವಶೀಲಿ ಮಾಡಿದರೆ ಅನರ್ಹತೆ. ಕೇಂದ್ರ ಸರಕಾರವು 2016ರ ಜನವರಿ 1ರಿಂದ 'ಸಿ' ದರ್ಜೆಯ ಹಾಗೂ ಗೆಜೆಟೆಡ್ ಅಲ್ಲದ 'ಬಿ' ದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದೆ. ಅಂಥ ಹುದ್ದೆಗೆ 'ಸಂದರ್ಶನದವರಿಗೆ ಹೇಳಿಸುತ್ತೇನೆ' ಎನ್ನುವವನು ಸುಳ್ಳುಗಾರ. ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ದೂರೆದ್ದು, ಸಿಐಡಿ ತನಿಖೆಯಾಗಿ, 2014ರಲ್ಲಿ ಸರಕಾರವೇ ಪಟ್ಟಿಯನ್ನು ಹಿಂಪಡೆಯಿತು. ವ್ಯಾಜ್ಯ ವರ್ಷಗಟ್ಟಲೆ ಎಳೆದಾಡಿತು. ಹಣ ಕೊಡದೆ ಓದಿ ಪಾಸಾದವರೂ ಅದರಲ್ಲಿ ಸಿಕ್ಕಿಕೊಂಡರು.

ಆಯ್ಕೆ ಮುಗಿದ ಮೇಲೆ ತನಗೆ ಬಂದ ಅಂಕಗಳೆಷ್ಟೆಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. 10 ರೂಪಾಯಿ ಶುಲ್ಕದ ಅರ್ಜಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.

'ನೀವು ಆಯ್ಕೆಯಾಗಿದ್ದೀರಿ, ಠೇವಣಿ ಕಟ್ಟಿರಿ' ಎಂಬ ಫೋನು ಬಂದರೆ, ಅಡಿಕೆ ಮಾರಿದ ಹಣವನ್ನು ಬ್ಯಾಂಕಿನಿಂದ ತೆಗೆಯುವ ಮೊದಲು ಕಂಪನಿಯ ಕಚೇರಿಗೇ ಹೋಗಿ ವಿಚಾರಿಸಿರಿ. ಈಗಾಗಲೇ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿರಿ. ಸಂಕೋಚದಿಂದ ನಾಲ್ಕು ದಿನ ಮುಚ್ಚಿಟ್ಟರೆ ಹಣ ತಡೆಹಿಡಿಯುವುದು ಕಷ್ಟ.

ವಂದನಾಪತ್ರದ ಒಕ್ಕಣೆ ತಿದ್ದಿಸಿಕೊಳ್ಳಬೇಕೆನ್ನುವ ಹುಡುಗ ಹುಡುಗಿಯರು ಸಂಘದ ಕಚೇರಿಗೆ ಬಂದರೆ ನಾವು ನೋಡಿಕೊಡುತ್ತೇವೆ. ಬರುವಾಗ ಕರೆಪತ್ರದ ನಕಲು ತಂದಿರಲಿ.