ತಗ್ಗಿಸಿದ ಕಾರು, ತಗ್ಗು ಬಿದ್ದ ರಸ್ತೆ

ಮನೆಗೊಂದು ಮೋಟಾರು ಕಾರನ್ನು ಕೊಳ್ಳುವುದು ಗೃಹಸ್ಥನಿಗೆ ಸಾಮಾನ್ಯವಾದ ವೆಚ್ಚವಲ್ಲ. ಮನೆ ಕಟ್ಟುವುದು, ಮಕ್ಕಳ ಮದುವೆ, ಇವೆರಡನ್ನು ಬಿಟ್ಟರೆ ಅನೇಕ ಸಂಸಾರಗಳಲ್ಲಿ ಅದೇ ದೊಡ್ಡ ಖರ್ಚು. ಹಾಗೆ ಕೊಂಡ ವಾಹನವು ಹತ್ತು ಹದಿನೈದು ವರ್ಷ ಬಾಳಬೇಕೆಂದು ಹಿರಿಯರು ಬಯಸುವುದು ಸಹಜ. ಅದು ಬೀದಿಯಲ್ಲಿ ಹೋಗುವಾಗ ನಾಲ್ಕು ಮಂದಿ ತಿರುಗಿ ನೋಡಬೇಕೆಂದು ಮನೆಯ ಯುವಕರು ಬಯಸುವುದೂ ಸಹಜವೇ. ಈ ಎರಡನೆಯ ಬಯಕೆಯಿಂದ ಹುಟ್ಟಿದ ಹವ್ಯಾಸಗಳಲ್ಲಿ ಒಂದು, ಕಾರಿನ ಸ್ಪ್ರಿಂಗುಗಳನ್ನು ಗಿಡ್ಡ ಮಾಡಿಸಿ ಅದರ ಒಡಲನ್ನು ನೆಲಕ್ಕೆ ಹತ್ತಿರವಾಗಿ ಇಳಿಸುವುದು. ನುಣುಪಾದ ರಸ್ತೆಯಲ್ಲಿ ಅಂತಹ ಕಾರು ಚೆಲುವಾಗಿ ಕಾಣುವುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುಂಡಿ, ದಿಣ್ಣೆ, ಉಬ್ಬುಗಳಿಂದ ತುಂಬಿದ ನಮ್ಮ ರಸ್ತೆಗಳಲ್ಲಿ ಆ ಚೆಲುವಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಇಲ್ಲಿ ವಿಚಾರಮಾಡಿ ನೋಡೋಣ.

ಮೊದಲು ಕಾರಿನ ಒಡಲು ಎಂದರೇನೆಂಬುದನ್ನು ತಿಳಿಯಬೇಕು. ಹಿಂದಿನ ಕಾಲದ ಮೋಟಾರುಗಳಲ್ಲಿ ಗಟ್ಟಿಯಾದ ಉಕ್ಕಿನ ಚೌಕಟ್ಟೊಂದು ಕೆಳಗಿದ್ದು, ಜನರು ಕುಳಿತುಕೊಳ್ಳುವ ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸುತ್ತಿದ್ದರು. ಎತ್ತಿನ ಗಾಡಿಯ ಮೂಕಿಮರದ ಮೇಲೆ ಕಮಾನು ಕಟ್ಟಿದಂತೆ ಇದು. ಇಟಲಿಯ ಲಾನ್ಸಿಯಾ ಕಂಪೆನಿಯವರು 1922ರಲ್ಲಿ ಪ್ರದರ್ಶಿಸಿದ ಲಾಂಬ್ಡಾ ಎಂಬ ಕಾರಿನಲ್ಲಿಯೂ, ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯವರು 1934ರಲ್ಲಿ ಹೊರತಂದ ಕಾರಿನಲ್ಲಿಯೂ ಈ ಪದ್ಧತಿ ಬದಲಾಯಿತು; ಬೇರೆ ಚೌಕಟ್ಟಿಲ್ಲದೆ ಒಡಲೇ ಭಾರವನ್ನೆಲ್ಲ ಹೊರುವಂತಾಯಿತು. ನಮ್ಮ ದೇಶದಲ್ಲಿ ದಶಕಗಳ ಕಾಲ ಓಡಿ, 2014ರಲ್ಲಿ ನಿರ್ಮಾಣ ನಿಂತ ಅಂಬಾಸಿಡರ್ ಕಾರೂ ಈ ಬಗೆಯದೇ. ಇಂದಿನ ಮನೆಬಳಕೆಯ ಕಾರುಗಳೆಲ್ಲವೂ ಬಹುಮಟ್ಟಿಗೆ ಹೀಗೆಯೇ ಇವೆ. ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪವುಳ್ಳ ಉಕ್ಕಿನ ತಗಡುಗಳನ್ನು ಮಡಿಸಿ, ಸಾವಿರಾರು ಕಡೆಗಳಲ್ಲಿ ಚುಕ್ಕಿ ಚುಕ್ಕಿಯಾಗಿ ವೆಲ್ಡಿಂಗ್ ಮಾಡಿ, ಒಂದೇ ಪೆಟ್ಟಿಗೆಯನ್ನಾಗಿ ಮಾಡಿರುತ್ತಾರೆ. ನೆಲ, ಛಾವಣಿ, ಕಂಬಗಳು, ಬಾಗಿಲ ಕೆಳಗಿನ ಹೊಸ್ತಿಲು, ಇವೆಲ್ಲ ಒಂದಕ್ಕೊಂದು ಆಸರೆ. ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದು ಇದರ ಗುಣ. ಒಂದು ಕಡೆ ಬಿದ್ದ ಪೆಟ್ಟು ಎಲ್ಲ ಕಡೆಗೂ ಹರಡುವುದು ಇದರ ಸ್ವಭಾವ.

ಇಂತಹ ಒಡಲಿಗೂ ರಸ್ತೆಗೂ ನಡುವೆ ನಿಂತು ಪೆಟ್ಟನ್ನು ನುಂಗತಕ್ಕವು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳು. ಚಕ್ರವು ಉಬ್ಬನ್ನು ಏರಿದಾಗ ಸ್ಪ್ರಿಂಗು ಕುಗ್ಗಿ ಆ ಶಕ್ತಿಯನ್ನು ತನ್ನಲ್ಲಿ ಅಡಗಿಸಿಕೊಳ್ಳುತ್ತದೆ; ಶಾಕ್ ಅಬ್ಸಾರ್ಬರು ಅದರ ಕುಣಿತವನ್ನು ಅಡಗಿಸುತ್ತದೆ. ಈ ಕೆಲಸಕ್ಕೆ ಸ್ಥಳ ಬೇಕು. ಚಕ್ರವು ಮೇಲಕ್ಕೆ 80 ಮಿಲಿಮೀಟರ್ ಚಲಿಸಲು ಎಡೆಯಿರುವ ಒಂದು ಕಾರನ್ನು 40 ಮಿಲಿಮೀಟರ್ ಇಳಿಸಿದೆವೆಂದು ಭಾವಿಸೋಣ. ಉಳಿಯುವ ಎಡೆ ಅರ್ಧ ಮಾತ್ರ. ರಸ್ತೆಯ ಗುಂಡಿಯಾದರೋ ಮೊದಲಿನಷ್ಟೇ ಆಳವಾಗಿದೆ. ಅದೇ ಪೆಟ್ಟನ್ನು ಅರ್ಧ ದೂರದಲ್ಲಿ ತಡೆಯಬೇಕಾದರೆ ಸರಾಸರಿ ಬಲವು ಇಮ್ಮಡಿಯಾಗಲೇಬೇಕು. ಇದು ಲೆಕ್ಕದ ನಿಯಮ, ಯಾವ ಮೆಕ್ಯಾನಿಕನ ಜಾಣ್ಮೆಯಿಂದಲೂ ತಪ್ಪುವುದಿಲ್ಲ. ಸ್ಪ್ರಿಂಗು ಅಷ್ಟನ್ನು ತಡೆಯಲಾರದೆ ಹೋದರೆ, ಕೊನೆಯಲ್ಲಿ ಇಟ್ಟಿರುವ ರಬ್ಬರಿನ ತಡೆಗೆ ಚಕ್ರದ ತೋಳು ಬಡಿಯುತ್ತದೆ. ಆ ಕ್ಷಣದಲ್ಲಿ ಕಾರಿಗೆ ಸ್ಪ್ರಿಂಗೇ ಇಲ್ಲವೆಂದು ತಿಳಿಯಬೇಕು. ರಸ್ತೆಯ ಪೆಟ್ಟು ನೇರವಾಗಿ ಒಡಲಿಗೆ ತಾಕುತ್ತದೆ.

ಕೆಲವರು ಹೊಸ ಸ್ಪ್ರಿಂಗಿನ ಖರ್ಚನ್ನು ಉಳಿಸುವುದಕ್ಕಾಗಿ ಇದ್ದ ಸ್ಪ್ರಿಂಗಿನ ಸುರುಳಿಗಳನ್ನೇ ಕತ್ತರಿಸುವುದುಂಟು. ಎಂಟು ಸುರುಳಿಗಳಲ್ಲಿ ಎರಡನ್ನು ತೆಗೆದರೆ ಉಳಿದ ಆರು ಸುರುಳಿಗಳ ಸ್ಪ್ರಿಂಗು ಮೊದಲಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು ಬಿರುಸಾಗುತ್ತದೆ. ಕತ್ತರಿಸಿದ ತುದಿಯು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದೆ, ಚಕ್ರ ಕೆಳಗೆ ಜೋತಾಗ ಜಾಗ ತಪ್ಪುವ ಅಪಾಯವೂ ಇದೆ. ಈ ಉಳಿತಾಯವು ಮನೆಮಂದಿಯ ಪ್ರಾಣಕ್ಕೆ ಎರವಾಗತಕ್ಕದ್ದು.

ಇನ್ನು ಪೆಟ್ಟು ಎಲ್ಲಿ ಬೀಳುತ್ತದೆಂಬುದನ್ನು ನೋಡೋಣ. ಈಗಿನ ಬಹುತೇಕ ಕಾರುಗಳ ಮುಂದಿನ ಚಕ್ರಗಳಿಗೆ, ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರನ ಹೆಸರಿನಿಂದ ಕರೆಯುವ ಉದ್ದನೆಯ ಊರುಗೋಲಿನಂತಹ ಜೋಡಣೆ ಇರುತ್ತದೆ. ಅದರ ತಲೆಯು ಎಂಜಿನ್ನಿನ ಎರಡು ಪಕ್ಕಗಳಲ್ಲಿರುವ ತಗಡಿನ ಗೋಪುರಗಳಿಗೆ ಬಿಗಿಯಲ್ಪಟ್ಟಿರುತ್ತದೆ. ಮೇಲಿಂದ ಮೇಲೆ ಬಲವಾದ ಹೊಡೆತ ಬಿದ್ದರೆ ಆ ಗೋಪುರದ ನೆತ್ತಿ ಅಣಬೆಯಂತೆ ಉಬ್ಬುತ್ತದೆ. ಸುತ್ತಲಿನ ಬೆಸುಗೆಯಲ್ಲಿ ಕೂದಲೆಳೆಯಂತಹ ಬಿರುಕು ಕಾಣಿಸಿಕೊಳ್ಳುತ್ತದೆ. ಎರಡನೆಯ ತೊಂದರೆ ತಿರುಚುವಿಕೆಯದು. ಮುಂದಿನ ಎಡಚಕ್ರ ಉಬ್ಬಿನ ಮೇಲೂ ಹಿಂದಿನ ಎಡಚಕ್ರ ಗುಂಡಿಯಲ್ಲೂ ಇದ್ದಾಗ, ಮೃದುವಾದ ಸ್ಪ್ರಿಂಗುಗಳಿದ್ದರೆ ಅವೇ ಹೊಂದಿಕೊಳ್ಳುತ್ತವೆ. ಸ್ಪ್ರಿಂಗು ಬಿರುಸಾಗಿ ಎಡೆ ಕಡಮೆಯಾದರೆ, ಒದ್ದೆ ಬಟ್ಟೆಯನ್ನು ಹಿಂಡುವಂತೆ ರಸ್ತೆಯು ಒಡಲನ್ನೇ ಹಿಂಡುತ್ತದೆ. ಆಗ ಹೆಚ್ಚು ನೋಯುವುದು ಬಾಗಿಲು ಕಿಟಕಿಗಳ ಮೂಲೆಗಳು. 1954ರಲ್ಲಿ ಕಾಮೆಟ್ ಎಂಬ ಬ್ರಿಟಿಷ್ ಜೆಟ್ ವಿಮಾನಗಳೆರಡು ಸಮುದ್ರಕ್ಕೆ ಬಿದ್ದ ಮೇಲೆ ನಡೆದ ಪರೀಕ್ಷೆಯು, ತಗಡಿನಲ್ಲಿ ತೆರೆದ ಕಂಡಿಗಳ ಮೂಲೆಗಳಲ್ಲಿ ಒತ್ತಡವು ಹೇಗೆ ಒಟ್ಟುಗೂಡಿ ಬಿರುಕಿಗೆ ದಾರಿಮಾಡುತ್ತದೆಂಬುದನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟಿತು.

ಒಂದು ಪೆಟ್ಟಿಗೆ ಮುರಿಯದ ಉಕ್ಕು ಸಾವಿರ ಪೆಟ್ಟಿಗೆ ಏಕೆ ಮುರಿಯುತ್ತದೆಂದು ವಾಚಕರು ಕೇಳಬಹುದು. ಜರ್ಮನಿಯ ರೈಲ್ವೆ ಇಂಜಿನಿಯರ್ ಆಗುಸ್ಟ್ ವೋಲರನು 1850 ಮತ್ತು 1860ರ ದಶಕಗಳಲ್ಲಿ ಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ ಇದಕ್ಕೆ ಉತ್ತರ ಕಂಡನು. ಲೋಹಕ್ಕೂ ಆಯಾಸವುಂಟು. ಮತ್ತೆ ಮತ್ತೆ ಬಾಗಿ ನೆಟ್ಟಗಾಗುವ ತಂತಿ ಕೊನೆಗೆ ತುಂಡಾಗುವಂತೆ, ಸಣ್ಣ ಒತ್ತಡವೂ ಪುನಃ ಪುನಃ ಬಂದರೆ ಬಿರುಕು ಹುಟ್ಟಿ ಬೆಳೆಯುತ್ತದೆ. ಬೆಸುಗೆಯ ಕೀಲುಗಳ ವಿಷಯದಲ್ಲಿ ಇಂಜಿನಿಯರುಗಳು ಬಳಸುವ ಸ್ಥೂಲ ನಿಯಮದಂತೆ, ಏರಿಳಿಯುವ ಒತ್ತಡವು ಇಮ್ಮಡಿಯಾದರೆ ಬಾಳಿಕೆಯು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿರುಕು ಬಿಟ್ಟಲ್ಲಿ ಬಣ್ಣವೂ ಒಡೆಯುತ್ತದೆ. ಒಡೆದ ಬಣ್ಣದೊಳಕ್ಕೆ ಮಳೆಗಾಲದ ನೀರು ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಗಡು ಇನ್ನೂ ಬೇಗ ಬಿರಿಯುತ್ತದೆ. ಹೀಗೆ ಒಂದು ದೋಷವು ಇನ್ನೊಂದನ್ನು ಸಾಕುತ್ತದೆ.

ಇದಲ್ಲದೆ ನೆಲಕ್ಕೆ ತಾಗುವ ಸಂಕಟ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಸೂಚನೆಯ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರವೂ 3.7 ಮೀಟರ್ ಅಗಲವೂ ಉಳ್ಳದ್ದಾಗಿ, ಬಿಲ್ಲಿನಂತೆ ಸಾವಕಾಶವಾಗಿ ಬಾಗಿರಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರು ಅಂತಹ ಉಬ್ಬಿನ ನೆತ್ತಿಯಲ್ಲಿದ್ದಾಗ, ರಸ್ತೆಯು ಅದರ ಹೊಟ್ಟೆಯ ಕಡೆಗೆ ಏಳುವುದು ಸುಮಾರು 4 ಸೆಂಟಿಮೀಟರ್ ಮಾತ್ರ. ಆದರೆ ಊರೂರುಗಳಲ್ಲಿ ಜನರೇ ಹಾಕಿಕೊಂಡಿರುವ ಕಿರಿದಾದ, ಕಡಿದಾದ ಉಬ್ಬುಗಳು ಚಕ್ರಗಳ ನಡುವೆ ತಮ್ಮ ಪೂರ್ತಿ ಎತ್ತರದೊಡನೆ ಬಂದು ನಿಲ್ಲುತ್ತವೆ. ನೆಲದಿಂದ 17 ಸೆಂಟಿಮೀಟರ್ ಎತ್ತರದಲ್ಲಿದ್ದ ಕಾರನ್ನು 13ಕ್ಕೆ ಇಳಿಸಿ, ಐದು ಮಂದಿಯನ್ನೂ ಸಾಮಾನನ್ನೂ ತುಂಬಿದರೆ, ಅದು ಮತ್ತೂ ಕುಸಿದು 10 ಸೆಂಟಿಮೀಟರಿನ ಉಬ್ಬಿಗೆ ಹೊಟ್ಟೆ ಉಜ್ಜುವುದರಲ್ಲಿ ಆಶ್ಚರ್ಯವೇನು? ಆಗ ಎಣ್ಣೆಯ ತೊಟ್ಟಿ ಒಡೆಯಬಹುದು, ಹೊಗೆ ಕೊಳವೆ ಕಳಚಬಹುದು, ಹೊಸ್ತಿಲು ಒಳಕ್ಕೆ ಮಡಚಿಕೊಳ್ಳಬಹುದು. ವಿದ್ಯುತ್ ಕಾರುಗಳಲ್ಲಾದರೆ ಅತ್ಯಂತ ಬೆಲೆಯುಳ್ಳ ಬ್ಯಾಟರಿಯೇ ಸಾಮಾನ್ಯವಾಗಿ ನೆಲದ ಕೆಳಗಿರುತ್ತದೆ.

ಕಾರನ್ನು ತಗ್ಗಿಸುವ ಕಲೆಗೆ ಹೆಸರಾದ ಸೀಮೆ ಅಮೆರಿಕದ ಕ್ಯಾಲಿಫೋರ್ನಿಯ. ಅಲ್ಲಿನ ಮೆಕ್ಸಿಕನ್ ವಂಶದ ತರುಣರು ಎರಡನೆಯ ಮಹಾಯುದ್ಧದ ನಂತರ ಇದನ್ನು ಒಂದು ಸಂಪ್ರದಾಯವನ್ನಾಗಿಯೇ ಬೆಳೆಸಿದರು. ಚಕ್ರದ ಲೋಹದ ಅಂಚಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇರಬಾರದೆಂದು ಆ ಸಂಸ್ಥಾನವು 1958ರಲ್ಲಿ ಕಾನೂನನ್ನು ಜಾರಿಗೆ ತರಲು, ರಾನ್ ಅಗಿರೆ ಎಂಬಾತನು 1959ರಲ್ಲಿ ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರಿಗೆ ಜೋಡಿಸಿ, ಬೇಕೆಂದಾಗ ಏರಿಸಿ ಬೇಕೆಂದಾಗ ಇಳಿಸುವ ಉಪಾಯವನ್ನು ಕಂಡುಕೊಂಡನು. ಆದರೆ ನಾವು ಗಮನಿಸತಕ್ಕ ಅಂಶ ಬೇರೊಂದಿದೆ. ಅಂತಹ ಕಾರುಗಳನ್ನು ಕುಣಿಸುವ ನುರಿತ ಕೆಲಸಗಾರರು ಮೊದಲು ಚೌಕಟ್ಟನ್ನು ಬಿಚ್ಚಿ, ಅದಕ್ಕೆ ಸುತ್ತಲೂ ಉಕ್ಕಿನ ಫಲಕಗಳನ್ನು ಬೆಸೆದು ಬಲಪಡಿಸುತ್ತಾರೆ. ಹಾಗೆ ಮಾಡದಿದ್ದರೆ ಚೌಕಟ್ಟು ಸೀಳುವುದೆಂಬುದು ಅವರಿಗೆ ಅನುಭವದಿಂದ ತಿಳಿದಿದೆ. ಆ ಚೆಲುವನ್ನು ಪ್ರಾಣದಂತೆ ಪ್ರೀತಿಸುವವರೇ ಒಡಲಿಗೆ ಇಷ್ಟು ಅಂಜುವಾಗ, ತೆಳುತಗಡಿನ ಮನೆಕಾರನ್ನು ಒಂದು ಮಧ್ಯಾಹ್ನದಲ್ಲಿ ತಗ್ಗಿಸಿಬಿಡುವ ನಾವು ಅಂಜಬೇಡವೆ?

ನ್ಯಾಯವಾಗಿ ಹೇಳುವುದಾದರೆ, ತಗ್ಗಾದ ಕಾರಿಗೆ ಗುಣವಿಲ್ಲದೆ ಇಲ್ಲ. ಭಾರದ ಕೇಂದ್ರವು ಕೆಳಗಿಳಿಯುವುದರಿಂದ ತಿರುವುಗಳಲ್ಲಿ ಅದು ವಾಲುವುದು ಕಡಮೆ. ಪಂದ್ಯದ ಕಾರುಗಳನ್ನು ತಗ್ಗಾಗಿ ಕಟ್ಟುವುದು ಇದಕ್ಕಾಗಿಯೇ. ಆದರೆ ಪಂದ್ಯದ ಹಾದಿಯಲ್ಲಿ ಹಳ್ಳಕೊಳ್ಳಗಳಿಲ್ಲ; ಪಂದ್ಯದ ಕಾರು ಮಕ್ಕಳನ್ನು ಶಾಲೆಗೆ ಬಿಡಲು ಹೋಗುವುದೂ ಇಲ್ಲ.

ಹಳೆಯ ಕಾರನ್ನು ಕೊಳ್ಳುವ ಗೃಹಸ್ಥರು ಕೆಲವು ಗುರುತುಗಳನ್ನು ನೆನಪಿನಲ್ಲಿಡುವುದು ಲೇಸು. ಬಾಗಿಲಿನ ಸುತ್ತಲಿನ ಸಂದು ಮೇಲೊಂದು ಅಳತೆ, ಕೆಳಗೊಂದು ಅಳತೆಯಾಗಿದೆಯೆ? ಬಾನೆಟ್ಟನ್ನು ಎತ್ತಿ ನೋಡಿದರೆ ಗೋಪುರಗಳ ನೆತ್ತಿಯಲ್ಲಿ ಬಣ್ಣ ಒಡೆದಿದೆಯೆ? ಮುಂದಿನ ಗಾಜು ಅಂಚಿನಿಂದ ಸೀಳಿದೆಯೆ? ಮಳೆ ಬಂದ ಮೇಲೆ ಕಾಲಡಿಯ ಹಾಸು ತೇವವಾಗುತ್ತದೆಯೆ? ಟೈರುಗಳ ಒಳ ಅಂಚು ಮಾತ್ರ ಸವೆದಿದೆಯೆ? ಒಂದು ಚಕ್ರವನ್ನು ಮಾತ್ರ ತಗ್ಗಾದ ಕಟ್ಟೆಯ ಮೇಲೆ ಏರಿಸಿ ನಿಲ್ಲಿಸಿ, ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಬಹುದು. ಸಮನೆಲದಲ್ಲಿ ಸಲೀಸಾಗಿದ್ದ ಬಾಗಿಲು ಈಗ ಬಿಗಿದು ತಡೆದರೆ, ಒಡಲು ಸೊರಗಿದೆಯೆಂದು ಸಂಶಯಪಟ್ಟು ನುರಿತವರಿಗೆ ತೋರಿಸತಕ್ಕದ್ದು.

ಕಾನೂನಿನ ಮಾತನ್ನೂ ಮರೆಯಬಾರದು. ನಮ್ಮ ದೇಶದ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ತಯಾರಕರು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಕಾರಿನ ಎತ್ತರಕ್ಕೆ ಕೈ ಹಾಕುವ ಮುಂಚೆ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪೆನಿಯಲ್ಲಿಯೂ ವಿಚಾರಿಸುವುದು ವಿವೇಕ.

ಈಗಾಗಲೇ ತಗ್ಗಿಸಿದ ಕಾರುಳ್ಳವರು ಮೂಲದ ಸ್ಪ್ರಿಂಗುಗಳನ್ನೇ ಮರಳಿ ಹಾಕಿಸುವುದು ಉತ್ತಮ. ಅಲ್ಲಿಯವರೆಗೆ ಭಾರ ಕಡಮೆಮಾಡಿ, ಟೈರಿನ ಗಾಳಿಯನ್ನು ತಯಾರಕರು ಹೇಳಿದಷ್ಟೇ ಇಟ್ಟು, ಕೆಟ್ಟ ರಸ್ತೆಯಲ್ಲಿ ನಿಧಾನವಾಗಿ ಹೋಗಬೇಕು. ವೇಗವನ್ನು ಅರ್ಧಕ್ಕಿಳಿಸಿದರೆ ಗುಂಡಿಯ ಪೆಟ್ಟಿನ ಶಕ್ತಿಯು ಸ್ಥೂಲವಾಗಿ ಕಾಲುಭಾಗಕ್ಕೆ ಇಳಿಯುತ್ತದೆ. ಮನೆಯ ತರುಣರನ್ನು ಗದರಿಸುವುದಕ್ಕಿಂತ, ಈ ಲೆಕ್ಕವನ್ನು ಅವರ ಮುಂದಿಟ್ಟು ಅವರಿಂದಲೇ ಮಾಡಿಸುವುದು ಹಿರಿಯರಿಗೆ ಯುಕ್ತವೆಂದು ನಮಗೆ ತೋರುತ್ತದೆ. ರಸ್ತೆಯನ್ನು ಸರಿಪಡಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಆ ರಸ್ತೆಗೆ ತಕ್ಕ ಎತ್ತರದಲ್ಲಿ ಕಾರನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.