ಆಸ್ತಿಯನ್ನು ಧರ್ಮಕ್ಕೆ ಬಿಡುವುದು

ತನ್ನ ತರುವಾಯ ತನ್ನ ಆಸ್ತಿಯು ಊರಿನ ಜನಕ್ಕೆ ಉಪಯೋಗವಾಗಲೆಂಬ ಆಸೆ ನಮ್ಮ ನಾಡಿಗೆ ಹೊಸದಲ್ಲ. ಕೆರೆಯನ್ನು ಕಟ್ಟಿಸಿ, ಅದರ ದುರಸ್ತಿಗೆಂದು ಗದ್ದೆಯನ್ನು ಬಿಟ್ಟು, ಆ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸಿದವರು ಎಷ್ಟೋ ಮಂದಿ. ಗದ್ದೆಯ ಎಲ್ಲೆ ಯಾವುದು, ಅದರ ಹುಟ್ಟುವಳಿ ಯಾವ ಕಾರ್ಯಕ್ಕೆ ಸಲ್ಲತಕ್ಕದ್ದು ಎಂಬುದನ್ನು ಆ ಶಾಸನಗಳು ವಿವರವಾಗಿ ಹೇಳುತ್ತವೆ. ಉಯಿಲು ಬರೆಯುವ ನಾವಾದರೋ ಅನೇಕ ವೇಳೆ ಈ ಜಾಗರೂಕತೆಯನ್ನು ಮರೆಯುತ್ತೇವೆ. ಆಸ್ತಿಯನ್ನು ಧರ್ಮಕ್ಕೆ ವಿನಿಯೋಗಿಸತಕ್ಕದ್ದೆಂದು ಒಂದು ಪಂಕ್ತಿ ಬರೆದರೆ ಕೆಲಸವಾಯಿತೆಂದು ನಮ್ಮ ಭಾವನೆ.

ಆದರೆ ಯಾವ ಧರ್ಮಕ್ಕೆ? ಈ ಪ್ರಶ್ನೆ ಮುಂಬಯಿಯ ಒಂದು ಉಯಿಲಿನ ವ್ಯಾಜ್ಯದಲ್ಲಿ ಹುಟ್ಟಿ, ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಅಲ್ಲಿಯ ನ್ಯಾಯಾಧಿಪತಿಗಳು ವಿಲ್ಸನ್ನನ ನಿಘಂಟನ್ನು ತೆಗೆದು ನೋಡಿ, ಧರ್ಮವೆಂದರೆ ಕಟ್ಟಳೆಯೂ ಹೌದು, ಸದ್ಗುಣವೂ ಹೌದು, ಕರ್ತವ್ಯವೂ ಹೌದು ಎಂದು ಕಂಡು, ಇಷ್ಟು ಅನಿಶ್ಚಿತವಾದ ದತ್ತಿಯನ್ನು ನ್ಯಾಯಾಲಯವು ನಡೆಸಲಾರದೆಂದು 1899ರಲ್ಲಿ ತೀರ್ಪಿತ್ತರು. ಧರ್ಮದ ಅರ್ಥಕ್ಕೆ ಇಂಗ್ಲಿಷಿನವನ ನಿಘಂಟೆ ಎಂದು ನಮಗೆ ನಗು ಬಂದೀತು. ಆದರೂ ಅವರ ಕಷ್ಟ ಸುಳ್ಳಲ್ಲ. ಒಬ್ಬ ಧರ್ಮದರ್ಶಿ ಆ ಹಣದಿಂದ ಸಮಾರಾಧನೆ ಮಾಡಿಸುತ್ತಾನೆ. ಮತ್ತೊಬ್ಬನು ತನ್ನ ಷಡ್ಡಕನ ಮಗಳ ಮದುವೆ ಮಾಡಿಸುತ್ತಾನೆ. ಇಬ್ಬರೂ ಧರ್ಮವೆಂದರೆ ತಪ್ಪು ಯಾರದೆನ್ನೋಣ? ಇಂತಹ ದತ್ತಿಯು ನಿಲ್ಲದೆ ಬಿದ್ದುಹೋದರೆ ಆಸ್ತಿಯು ವಾರಸುದಾರರ ಪಾಲಾಗುತ್ತದೆ. ಊರಿಗೆ ಏನೂ ಉಳಿಯುವುದಿಲ್ಲ.

ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿಯ ತೋಟದಪ್ಪನವರ ಛತ್ರವನ್ನು ಅರಿಯದವರು ವಿರಳ. ಗುಬ್ಬಿ ತೋಟದಪ್ಪನವರು 1838ರಲ್ಲಿ ಹುಟ್ಟಿದವರು, ವ್ಯಾಪಾರದಿಂದ ಐಶ್ವರ್ಯವನ್ನು ಗಳಿಸಿದರು, ಅವರಿಗೆ ಮಕ್ಕಳಿರಲಿಲ್ಲ. ರೈಲಿಳಿದು ಬರುವ ಪರಸ್ಥಳದವರಿಗೆ ತಂಗಲು ಸ್ಥಳವಿಲ್ಲವೆಂಬುದನ್ನು ಕಂಡು ಅವರು ಕಟ್ಟಿಸಿದ ಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಂದ ಪ್ರಾರಂಭವಾಯಿತು. ಬಳಿಕ ವಿದ್ಯಾರ್ಥಿನಿಲಯವೂ ಸೇರಿತು. ತೋಟದಪ್ಪನವರು ತೀರಿಕೊಂಡದ್ದು 1910ರಲ್ಲಿ. ಎಂದರೆ, ತಮ್ಮ ದತ್ತಿಯು ಹೇಗೆ ನಡೆಯುತ್ತದೆಂಬುದನ್ನು ಅವರು ಏಳು ವರ್ಷ ಕಣ್ಣಾರೆ ಕಂಡರು. ಅದರ ಆಡಳಿತವನ್ನು ಬಂಧುಗಳಿಗೆ ಬಿಡದೆ ಒಂದು ಮಂಡಲಿಗೆ ವಹಿಸಿದರು; ಕೆ. ಪಿ. ಪುಟ್ಟಣ್ಣಚೆಟ್ಟರು ಅದರ ಮೊದಲನೆಯ ಅಧ್ಯಕ್ಷರು. ಏನು, ಎಲ್ಲಿ, ಯಾರ ಕೈಯಿಂದ ಎಂಬ ಮೂರನ್ನೂ ದಾತೃವು ತಾನೇ ನಿಶ್ಚಯಿಸಿದ ಕಾರಣ ಅದು ಉಳಿಯಿತೆಂದು ನಮಗೆ ತೋರುತ್ತದೆ.

ಕಾನೂನಿನ ವಿಧಿಗಳು ಹೆಚ್ಚಿಲ್ಲ. ಉಯಿಲಿಗೆ ಇಬ್ಬರ ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಅವಿಭಕ್ತ ಕುಟುಂಬದ ಹಿಂದೂ ತನ್ನ ಪಾಲನ್ನು ಉಯಿಲಿನಿಂದ ಕೊಡಲು 1956ರ ಕಾಯಿದೆಯಿಂದೀಚೆಗೆ ಅಧಿಕಾರವುಂಟು. ಮುಸಲ್ಮಾನರು ಸಾಮಾನ್ಯವಾಗಿ ಮೂರರಲ್ಲೊಂದು ಭಾಗವನ್ನು ಮಾತ್ರ ಉಯಿಲಿನಲ್ಲಿ ಬಿಡಬಹುದು. ಕ್ರೈಸ್ತರಿಗೆ ಇಂತಹ ದತ್ತಿಗಳಲ್ಲಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2003ರಲ್ಲಿ ರದ್ದುಮಾಡಿತು.

ದಾತೃವು ಹೋದ ಮೇಲೆ ಕೇಳುವವರು ಯಾರು? ಸಿವಿಲ್ ಪ್ರೊಸೀಜರ್ ಕೋಡಿನ 92ನೆಯ ಪ್ರಕರಣದಂತೆ, ಆ ಸಾರ್ವಜನಿಕ ದತ್ತಿಯಲ್ಲಿ ಸಂಬಂಧವುಳ್ಳ ಇಬ್ಬರು ಸೇರಿದರೆ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು, ಲೆಕ್ಕ ಕೇಳಬಹುದು, ಧರ್ಮದರ್ಶಿಯನ್ನು ತೆಗೆಸಬಹುದು. ಮೂಲ ಉದ್ದೇಶವು ಸಾಧ್ಯವಿಲ್ಲದೆ ಹೋದರೆ, ಉದಾಹರಣೆಗೆ ರೋಗವೊಂದು ನಿರ್ಮೂಲವಾಗಿ ಅದಕ್ಕೆಂದು ಬಿಟ್ಟ ಆಸ್ಪತ್ರೆಯ ಹಣ ಹಾಗೆಯೇ ಉಳಿದರೆ, ಅದಕ್ಕೆ ಅತಿ ಸಮೀಪವಾದ ಮತ್ತೊಂದು ಕಾರ್ಯಕ್ಕೆ ಅದನ್ನು ತಿರುಗಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.