ಪೈಲಟ್ ಮಲಗುವುದು ಯಾವ ಊರಲ್ಲಿ?

ರಾತ್ರಿ ಕೊನೆಗೆ ಬಂದು ಊರಲ್ಲೇ ತಂಗುವ ಹಾಲ್ಟಿಂಗ್ ಬಸ್ಸನ್ನು ನೋಡಿದವರಿಗೆ ಈ ಅಧ್ಯಾಯದ ಅರ್ಧ ವಿಷಯ ಆಗಲೇ ಗೊತ್ತು. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ, ಕೋಳಿ ಕೂಗುವ ಹೊತ್ತಿಗೆ ಬಸ್ಸು ಹೊರಡಿಸುತ್ತಾರೆ. ಹಾಲ್ಟಿಂಗ್ ಶೆಡ್ಯೂಲು ಯಾರ ಪಾಲಿಗೆ, ಸಂಜೆ ಮನೆ ಸೇರಿಸುವ ಶೆಡ್ಯೂಲು ಯಾರಿಗೆ, ಊರಿಗೆ ಹತ್ತಿರದ ಡಿಪೋ ಸಿಕ್ಕಿತೋ ಇಲ್ಲವೋ, ಸಾರಿಗೆ ನೌಕರರ ಮನೆಗಳಲ್ಲಿ ಇದೇ ಮಾತು. ಪೈಲಟ್‌ಗಳ ಮನೆಯಲ್ಲೂ ಇದೇ ಮಾತು. ಡಿಪೋವನ್ನು ಅವರು ಬೇಸ್ ಅನ್ನುತ್ತಾರೆ, ತಿಂಗಳ ಡ್ಯೂಟಿ ಪಟ್ಟಿಯನ್ನು ರೋಸ್ಟರ್ ಅನ್ನುತ್ತಾರೆ.

ದೊಡ್ಡ ಊರನ್ನು ಚಿಕ್ಕ ಊರಿಗೆ ಜೋಡಿಸುವ ಪ್ರಾದೇಶಿಕ ವಿಮಾನ ನಮ್ಮಲ್ಲಿ ಹೊಸದಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು 48 ಸೀಟಿನ ಎಟಿಆರ್ ವಿಮಾನಗಳಿಂದ, ಬೆಂಗಳೂರು–ಹುಬ್ಬಳ್ಳಿಯಂಥ ದಾರಿಗಳಲ್ಲಿ. 2019ರ ಜನವರಿಯಲ್ಲಿ ಸ್ಟಾರ್ ಏರ್ 50 ಸೀಟಿನ ಎಂಬ್ರೇಯರ್ ಜೆಟ್ ತಂದಿತು. ಅದೇ ವರ್ಷ ನವೆಂಬರಿನಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು, 2023ರಲ್ಲಿ ಶಿವಮೊಗ್ಗದ್ದು. ಈ ವಿಮಾನಗಳು ಹಾರುವುದು ಒಂದು ಗಂಟೆ, ಒಂದೂಕಾಲು ಗಂಟೆ. ಇಳಿದ ಅರ್ಧ ಗಂಟೆಗೆ ಮತ್ತೆ ಏರಬೇಕು. ಪೈಲಟ್‌ಗೆ ನಿಜವಾದ ದುಡಿಮೆ ಇರುವುದು ಏರುವಾಗ ಮತ್ತು ಇಳಿಯುವಾಗ. ಆದ್ದರಿಂದ ದಿನಕ್ಕೆ ನಾಲ್ಕು ಸಲ ಏರಿಳಿಯುವವರು, ಒಂದೇ ಸಲ ದುಬೈಗೆ ಹಾರುವವರಿಗಿಂತ ಬೇರೆ ಥರ ದಣಿಯುತ್ತಾರೆ. ಭಾರತದ ನಿಯಮವೂ ಇದನ್ನು ಒಪ್ಪಿದೆ: ಇಳಿತಗಳು ಹೆಚ್ಚಿದಷ್ಟೂ ಒಂದು ದಿನದ ಡ್ಯೂಟಿಯ ಗರಿಷ್ಠ ಅವಧಿ ಕಡಿಮೆಯಾಗುತ್ತದೆ.

ಈಗ ಕೋಲಾರ ಜಿಲ್ಲೆಯ ಯಲ್ದೂರಿನ ಒಬ್ಬಳು ಹುಡುಗಿ ಪೈಲಟ್ ಆಗಿದ್ದಾಳೆ ಅಂದುಕೊಳ್ಳೋಣ. ಬೇಸ್ ಬೆಂಗಳೂರು. ಮನೆಯವರಿಗೆ ಖುಷಿ, ವಿಮಾನ ನಿಲ್ದಾಣ ಇರುವ ದೇವನಹಳ್ಳಿ ಹತ್ತಿರವೇ ತಾನೆ, ಮನೆಯಿಂದಲೇ ಹೋಗಿಬರಬಹುದು ಅಂತ. ಲೆಕ್ಕ ಹಾಕಿ ನೋಡೋಣ. ವಿಮಾನ ಬೆಳಗ್ಗೆ 6ಕ್ಕೆ. ಒಂದು ಗಂಟೆ ಮೊದಲು, ಅಂದರೆ 5ಕ್ಕೆ ರಿಪೋರ್ಟಿಂಗ್: ಉಸಿರು ಊದಿ ಮದ್ಯ ಪರೀಕ್ಷೆ, ಹವಾಮಾನ, ಇಂಧನದ ಲೆಕ್ಕ. ಯಲ್ದೂರಿನಿಂದ ರಸ್ತೆ ಸುಮಾರು ಎರಡು ಗಂಟೆ. ದಾರಿಯಲ್ಲಿ ಟೊಮೆಟೊ ಲಾರಿ ಕೆಟ್ಟು ನಿಂತರೆ ಎಂದು ಅರ್ಧ ಗಂಟೆ ಕೈಯಲ್ಲಿ ಇಟ್ಟುಕೊಂಡರೆ 2:30ಕ್ಕೆ ಮನೆ ಬಿಡಬೇಕು, 1:45ಕ್ಕೆ ಏಳಬೇಕು. ಎಂಟು ಗಂಟೆ ನಿದ್ದೆ ಬೇಕಿದ್ದರೆ ಹಿಂದಿನ ಸಂಜೆ ಹೊತ್ತು ಇಳಿಯುವ ಮುಂಚೆಯೇ, 5:45ಕ್ಕೆ, ನಿದ್ದೆ ಹತ್ತಿರಬೇಕು. ಹಸು ಕರೆಯುವ ಹೊತ್ತು ಅದು, ಮನೆ ತುಂಬ ಮಾತು. ಯಾರಿಗೆ ನಿದ್ದೆ ಬರುತ್ತದೆ? ಆದರೆ ಕಾನೂನಿನ ಗಡಿಯಾರ ಓಡಲು ಶುರುವಾಗುವುದು ರಿಪೋರ್ಟಿಂಗ್ ಆದ ಮೇಲೆ. ಯಲ್ದೂರಿನಿಂದ ದೇವನಹಳ್ಳಿಯವರೆಗೆ ಅವಳು ಕಳೆದುಕೊಂಡ ನಿದ್ದೆ ಆ ಲೆಕ್ಕಕ್ಕೆ ಬರುವುದಿಲ್ಲ.

ಹೀಗೆ ಲೆಕ್ಕಕ್ಕೆ ಬಾರದ ದಾರಿಯ ಕತೆ ಅಮೆರಿಕದಲ್ಲಿ ದೊಡ್ಡದಾಗಿ ಬಯಲಾಯಿತು. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್‌ನ ಪುಟ್ಟ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ವಿಮಾನದ ವೇಗ ಕುಸಿದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು ಕಾರಣವೆಂದು ತನಿಖೆ ಹೇಳಿತು. ಜೊತೆಗೆ ಇನ್ನೊಂದು ಸಂಗತಿ ಹೊರಬಂತು: ಬೇಸ್ ನ್ಯೂವಾರ್ಕ್, ಆದರೆ ಸಹ ಪೈಲಟ್‌ನ ಮನೆ ದೇಶದ ಇನ್ನೊಂದು ತುದಿಯ ಸಿಯಾಟಲ್ ಬಳಿ. ಆಕೆ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕೂತು ಕೆಲಸಕ್ಕೆ ಬಂದಿದ್ದಳು. ಕ್ಯಾಪ್ಟನ್ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ ರಾತ್ರಿ ಕಳೆದಿದ್ದರು. ದಣಿವಿನ ಪಾಲು ಎಷ್ಟೆಂದು ತೂಗಿ ಹೇಳಲಾಗದಿದ್ದರೂ, ಅಲ್ಲಿನ ವಿಶ್ರಾಂತಿ ನಿಯಮ ಬದಲಾಯಿತು.

ಬೇಸ್ ದೂರ ಎಂದು ಗೊತ್ತಿದ್ದೂ ಜನ ಯಾಕೆ ಒಪ್ಪುತ್ತಾರೆ? ಅಮೆರಿಕದಲ್ಲಿ ಎಲ್ಲವೂ ಸೀನಿಯಾರಿಟಿ ನಂಬರಿನ ಮೇಲೆ. ಸೇರಿದ ದಿನ ಸಿಕ್ಕ ನಂಬರು ಮುಂದಿನವರು ಬಿಟ್ಟುಹೋದಂತೆ ಮೇಲೇರುತ್ತದೆ. ಪ್ರತಿ ತಿಂಗಳು ಪೈಲಟ್‌ಗಳು ತಮ್ಮ ಬೇಡಿಕೆ ಬರೆದು ಕೊಡುತ್ತಾರೆ: ಭಾನುವಾರ ಬಿಡುವು ಬೇಕು, ಬೆಳಗಿನ ಡ್ಯೂಟಿ ಬೇಡ, ಹೊರಗೆ ರಾತ್ರಿ ತಂಗುವುದು ಕಡಿಮೆ ಇರಲಿ. ಇದಕ್ಕೆ ಬಿಡ್ಡಿಂಗ್ ಎನ್ನುತ್ತಾರೆ. ಹಣದ ಹರಾಜಲ್ಲ ಇದು, ಸರದಿ. ಮೇಲಿನ ನಂಬರಿನವರು ಆರಿಸಿಕೊಂಡು ಉಳಿದದ್ದು ಕೆಳಗಿನವರಿಗೆ. ತೀರಾ ಕೆಳಗಿದ್ದರೆ ರಿಸರ್ವ್: ಕರೆ ಬಂದ ಎರಡು ಗಂಟೆಯ ಆಸುಪಾಸಿನಲ್ಲಿ ನಿಲ್ದಾಣ ಮುಟ್ಟಬೇಕು, ಕರೆ ಬರದಿದ್ದರೂ ಫೋನು ಹಿಡಿದು ಕಾಯಬೇಕು.

ಇಲ್ಲೇ ಹೊಸಬರು ಎಡವುವುದು. ಎಲ್ಲರಿಗೂ ಬೇಕಾದ ಊರಿನ ಬೇಸ್‌ನಲ್ಲಿ ಹಳಬರೇ ತುಂಬಿರುತ್ತಾರೆ, ನಿಮ್ಮ ನಂಬರು ವರ್ಷಗಟ್ಟಲೆ ಅಡಿಯಲ್ಲೇ. ಯಾರಿಗೂ ಬೇಡದ ಬೇಸ್‌ನಲ್ಲಿ ಕೆಲವೇ ತಿಂಗಳಲ್ಲಿ ಬೇಕಾದ ರಜೆ ಸಿಗಬಹುದು. ಬಡ್ತಿಯದ್ದೂ ಹಾಗೆಯೇ. ಸಹ ಪೈಲಟ್‌ಗಳ ಪಟ್ಟಿಯ ತುದಿಯಲ್ಲಿದ್ದು ಹಬ್ಬಕ್ಕೆ ಮನೆಯಲ್ಲಿರುತ್ತಿದ್ದವರು ಕ್ಯಾಪ್ಟನ್ ಆದ ದಿನ ಕ್ಯಾಪ್ಟನ್‌ಗಳ ಪಟ್ಟಿಯ ಬುಡಕ್ಕೆ ಬೀಳುತ್ತಾರೆ. ಸಂಬಳ ಏರುತ್ತದೆ, ಹಬ್ಬ ಹೋಗುತ್ತದೆ. ಚಿಕ್ಕ ಮಕ್ಕಳಿರುವವರು ಬಡ್ತಿಯನ್ನು ಒಂದೆರಡು ವರ್ಷ ತಡೆದರೆ ಅದು ಹೇಡಿತನವಲ್ಲ, ತೂಗಿ ಮಾಡಿದ ತೀರ್ಮಾನ ಎಂದೇ ನಾನು ಹೇಳುತ್ತೇನೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಪನಿಯ ರೋಸ್ಟರ್ ವಿಭಾಗವೇ ತಿಂಗಳನ್ನು ಹೆಣೆಯುತ್ತದೆ, ಪೈಲಟ್‌ಗೆ ಸಿಗುವ ಆಯ್ಕೆ ಕಡಿಮೆ. ಆಯ್ಕೆ ಕಡಿಮೆ ಇರುವಲ್ಲಿ ಕಾಯಬೇಕಾದದ್ದು ಕಾನೂನು. ಇದನ್ನು ಕರ್ನಾಟಕಕ್ಕೆ ಬೇರೆಯವರು ಕಲಿಸಬೇಕಿಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಬದುಕಿದ್ದು 8 ಮಂದಿ. ಕ್ಯಾಪ್ಟನ್ ದಾರಿಯಲ್ಲಿ ಒಂದು ಗಂಟೆ ನಲವತ್ತು ನಿಮಿಷ ನಿದ್ದೆ ಹೋಗಿದ್ದರೆಂದು ತನಿಖಾ ಮಂಡಳಿ ಧ್ವನಿಮುದ್ರಣ ಕೇಳಿ ಕಂಡುಕೊಂಡಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ನಿದ್ದೆಯಿಂದ ಎದ್ದವರ ಮಂಪರು ಹರಿಯಲು ಹೊತ್ತು ಬೇಕು, ಆ ಹೊತ್ತು ಅಲ್ಲಿರಲಿಲ್ಲ.

2024ರ ಜನವರಿಯಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಬಿಗಿ ಮಾಡಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ, ರಾತ್ರಿ ಇಳಿತಗಳು ಆರರಿಂದ ಎರಡಕ್ಕೆ. ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರಿನಲ್ಲಿ, ಎರಡು ಹಂತವಾಗಿ. ಇದಕ್ಕೆ ಸಜ್ಜಾಗಿರದ ಇಂಡಿಗೋದ ವಿಮಾನಗಳು ಡಿಸೆಂಬರಿನಲ್ಲಿ ಸಾವಿರಗಟ್ಟಲೆ ರದ್ದಾದವು, ಬೆಂಗಳೂರು ನಿಲ್ದಾಣದಲ್ಲೂ ಜನ ನರಳಿದರು, ಆ ಕಂಪನಿಗೆ ರಾತ್ರಿ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ನಿದ್ದೆಯ ನಿಯಮವೇ ತೊಂದರೆ ಕೊಟ್ಟಿತು ಎಂದು ಅಂದು ಅನೇಕರು ಬೈದರು. ನಾನು ಹಾಗೆ ಭಾವಿಸುವುದಿಲ್ಲ. ಬಜ್ಪೆಯ ಕಮರಿಯನ್ನು ನೆನೆದರೆ ಆ 48 ಗಂಟೆ ಹೆಚ್ಚೆನಿಸುವುದಿಲ್ಲ.

ಯಲ್ದೂರಿನ ಹುಡುಗಿಯ ಮಾತಿಗೆ ಬರೋಣ. ದೇವನಹಳ್ಳಿಯಲ್ಲೋ ಅದರ ಪಕ್ಕದ ವಿಜಯಪುರದಲ್ಲೋ ಅವಳಿಗೊಂದು ಬಾಡಿಗೆ ಕೋಣೆ ಬೇಕು, ಕರೆಗಾಗಿ ಕಾಯುವ ಸ್ಟ್ಯಾಂಡ್‌ಬೈ ದಿನಗಳಿಗಂತೂ ಬೇಕೇ ಬೇಕು. ವಾರದ ಆ 48 ಗಂಟೆಯೊಳಗೆ ಎರಡು ರಾತ್ರಿ ಬರಲೇಬೇಕೆಂದು ನಿಯಮವಿದೆ, ಆಗ ಊರಿಗೆ ಬರಲಿ. ಬಂದವಳು ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕಿಕೊಂಡು ಮಲಗಿದ್ದರೆ, ನೆಂಟರು ಬಂದಿದ್ದಾರೆ ಎದ್ದೇಳಮ್ಮ ಎಂದು ಯಾರೂ ಎಬ್ಬಿಸಬೇಡಿ.